ಗ್ರೀಕ್ ಅಕ್ಷರದ ಮನೆಗಳ ಪೋಲಿ ಹಾಸ್ಯ

ಅಮೆರಿಕದ ಕಾಲೇಜುಗಳಲ್ಲಿ ಹುಡುಗರು ಕಟ್ಟಿಕೊಳ್ಳುವ ಸಂಘಗಳಿಗೆ ಫ್ರಟರ್ನಿಟಿ ಎಂದು ಹೆಸರು. ಆ ಸಂಘಗಳ ಮನೆಗಳಲ್ಲಿ ನಡೆಯುವ ಕುಡಿತ, ಕಿತಾಪತಿ, ಪೋಲಿ ಮಾತು, ಹೆಣ್ಣಿನ ಬಗೆಗಿನ ಹಸಿ ಕುತೂಹಲ ಇವನ್ನೇ ಬಂಡವಾಳ ಮಾಡಿಕೊಂಡ ಸಿನಿಮಾಗಳು ಫ್ರಟರ್ನಿಟಿ ಕಾಮಿಡಿಗಳು. ಈ ಪ್ರಕಾರ 1978ರಲ್ಲಿ ಒಂದೇ ಒಂದು ಚಿತ್ರದಿಂದ ಶುರುವಾಯಿತು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಬಹುಪಾಲು ಚಿತ್ರಗಳು ಥಿಯೇಟರ್ ಮುಖವನ್ನೇ ನೋಡದೆ ನೇರವಾಗಿ ಡಿವಿಡಿ ಅಂಗಡಿಯ ಕಪಾಟು ಸೇರುತ್ತಿದ್ದವು. ಮೊದಲ ಚಿತ್ರದಲ್ಲಿ ಅಧಿಕಾರದ ಮೇಲೆ ನಿಜವಾದ ಸಿಟ್ಟಿತ್ತು. ಅದರ ನಕಲುಗಳು ಪಾರ್ಟಿಯನ್ನು ಉಳಿಸಿಕೊಂಡು ಸಿಟ್ಟನ್ನು ಬಿಟ್ಟವು. ಈ ಪ್ರಕಾರದ ಏಳುಬೀಳು ಅರ್ಥವಾಗಬೇಕಾದರೆ ಈ ಒಂದು ಸಂಗತಿಯನ್ನು ಹಿಡಿದು ಹೊರಡಬೇಕು.

ಫ್ರಟರ್ನಿಟಿಗಳ ಇತಿಹಾಸ ಅಮೆರಿಕ ದೇಶದಷ್ಟೇ ಹಳೆಯದು. 1776ರಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಎಂಬ ವಿದ್ವತ್ ಸಂಘ ಹುಟ್ಟಿತು. ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಳ್ಳುವ ರೂಢಿ ಬಂದದ್ದು ಅಲ್ಲಿಂದ. ಈಗಿನ ರೀತಿಯ, ಸ್ನೇಹ ಮತ್ತು ಸಹವಾಸವೇ ಮುಖ್ಯವಾದ ಸಂಘಗಳು 1825ರಿಂದ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ತಲೆಯೆತ್ತಿದವು. ಹುಡುಗಿಯರ ಸಂಘಗಳಿಗೆ ಸೊರೊರಿಟಿ ಎಂಬ ಹೆಸರು. ಬಿಳಿಯರ ಸಂಘಗಳು ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಬಹುಪಾಲು ಸಂಘಗಳಿಗೆ ದೇಶದುದ್ದಕ್ಕೂ ಶಾಖೆಗಳು, ಕ್ಯಾಂಪಸ್ಸಿನ ಬದಿಯಲ್ಲಿ ಮನೆ, ಗುಟ್ಟಿನ ವಿಧಿಗಳು, ಹಳೆಯ ಸದಸ್ಯರ ಹಣ, ಉದ್ಯೋಗ ಕೊಡಿಸುವ ನಂಟು. ಹೊಸಬರು ಮನೆಯಿಂದ ಮನೆಗೆ ತಿರುಗಿ ಪರಿಚಯ ಮಾಡಿಕೊಳ್ಳುವ ವಾರಕ್ಕೆ ‘ರಷ್’ ಎನ್ನುತ್ತಾರೆ. ಆಯ್ಕೆಯಾದವರು ಕೆಲವು ತಿಂಗಳು ‘ಪ್ಲೆಜ್’ ಆಗಿ ಹಿರಿಯರು ಹೇಳಿದ್ದನ್ನೆಲ್ಲ ಮಾಡಬೇಕು. ಆ ಅವಧಿಯಲ್ಲಿ ಕೊಡುವ ಕಾಟ ‘ಹೇಜಿಂಗ್’. ನಮ್ಮ ಹಾಸ್ಟೆಲುಗಳ ರ‍್ಯಾಗಿಂಗ್‌ನ ಹತ್ತಿರದ ಸಂಬಂಧಿ ಅದು. ವ್ಯತ್ಯಾಸ ಇಷ್ಟೇ: ಅಲ್ಲಿ ಕಾಟ ತಿನ್ನುವವನು ಅದನ್ನು ತಾನಾಗಿ ಕೇಳಿಕೊಂಡು ಬಂದಿರುತ್ತಾನೆ. ಒಳಗೆ ಸೇರಿಸಿಕೊಳ್ಳುವುದು ಮತ್ತು ಹೊರಗಿಡುವುದು, ಈ ಎರಡರ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ. ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ.

ಕಾಲೇಜನ್ನು ನೋಡಿ ನಗುವ ಚಿತ್ರಗಳು ಮೊದಲೂ ಇದ್ದವು. ಮೂಕಿ ಕಾಲದ ಹೆರಾಲ್ಡ್ ಲಾಯ್ಡ್ 1925ರಲ್ಲಿ ‘ದಿ ಫ್ರೆಶ್‌ಮನ್’ ಮಾಡಿದ. ಮಾರ್ಕ್ಸ್ ಸಹೋದರರು 1932ರಲ್ಲಿ ‘ಹಾರ್ಸ್ ಫೆದರ್ಸ್’ನಲ್ಲಿ ಒಂದು ಇಡೀ ಕಾಲೇಜಿನ ಆಡಳಿತವನ್ನು ಗೇಲಿ ಮಾಡಿದರು. ಆದರೆ 1934ರಿಂದ ಹಾಲಿವುಡ್ ತನ್ನ ಮೇಲೆ ತಾನೇ ಬಿಗಿಯಾಗಿ ಹೇರಿಕೊಂಡ ಹೇಯ್ಸ್ ನಿಯಮಾವಳಿ ಪೋಲಿತನಕ್ಕೆ ಎಡೆಯನ್ನೇ ಕೊಡಲಿಲ್ಲ. ಆ ನಿಯಮಾವಳಿ ಹೋಗಿ, ವಯಸ್ಸಿಗೆ ತಕ್ಕಂತೆ ದರ್ಜೆ ಕೊಡುವ ಪದ್ಧತಿ ಬಂದದ್ದು 1968ರ ನವೆಂಬರ್‌ನಲ್ಲಿ. ಅದರಲ್ಲಿ ‘ಆರ್’ ದರ್ಜೆ ಎಂದರೆ ಹದಿಹರೆಯದವರು ದೊಡ್ಡವರ ಜೊತೆಯಿಲ್ಲದೆ ನೋಡುವಂತಿಲ್ಲ ಎಂದು. ಬೈಗುಳ, ಬೆತ್ತಲೆ, ಕುಡಿತ ಎಲ್ಲಕ್ಕೂ ನಿಯಮಾವಳಿಯ ಭಯವಿಲ್ಲದ ಒಂದು ಜಾಗ ಇದರಿಂದ ಸಿಕ್ಕಿತು. ಆ ಜಾಗವನ್ನು ಹಾಸ್ಯ ಪೂರ್ತಿಯಾಗಿ ಬಳಸಿಕೊಳ್ಳಲು ಇನ್ನೂ ಹತ್ತು ವರ್ಷ ಬೇಕಾಯಿತು.

ಬಳಸಿಕೊಂಡವರು ಒಂದು ಪತ್ರಿಕೆಯ ಬರಹಗಾರರು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಪಳಗಿದ ಡಗ್ಲಸ್ ಕೆನ್ನಿ, ಹೆನ್ರಿ ಬಿಯರ್ಡ್ ಮತ್ತು ರಾಬರ್ಟ್ ಹಾಫ್‌ಮನ್ 1970ರಲ್ಲಿ ‘ನ್ಯಾಷನಲ್ ಲ್ಯಾಂಪೂನ್’ ಎಂಬ ಮಾಸಿಕ ಆರಂಭಿಸಿದರು. ವಿಯೆಟ್ನಾಂ ಯುದ್ಧ, ನಿಕ್ಸನ್, ಚರ್ಚು, ದೊಡ್ಡ ಮನುಷ್ಯರು ಯಾರನ್ನೂ ಬಿಡದ ಪತ್ರಿಕೆ ಅದು. ಡಾರ್ಟ್‌ಮತ್ ಕಾಲೇಜಿನ ಆಲ್ಫಾ ಡೆಲ್ಟಾ ಎಂಬ ಫ್ರಟರ್ನಿಟಿಯಲ್ಲಿ ಬೆಳೆದಿದ್ದ ಕ್ರಿಸ್ ಮಿಲ್ಲರ್ ತನ್ನ ಅಲ್ಲಿಯ ದಿನಗಳನ್ನು ಕಥೆಗಳಾಗಿ ಬರೆದು ಅದರಲ್ಲಿ ಪ್ರಕಟಿಸುತ್ತಿದ್ದ. ಕೆನ್ನಿ, ಮಿಲ್ಲರ್ ಮತ್ತು ಹೆರಾಲ್ಡ್ ರೇಮಿಸ್ ಸೇರಿ ಆ ಸಾಮಗ್ರಿಯಿಂದ ಒಂದು ಚಿತ್ರಕಥೆ ಹೆಣೆದರು. ಐವನ್ ರೈಟ್‌ಮನ್ ಮತ್ತು ಮ್ಯಾಟಿ ಸಿಮನ್ಸ್ ನಿರ್ಮಾಪಕರು, ಇನ್ನೂ ಮೂವತ್ತು ದಾಟದ ಜಾನ್ ಲ್ಯಾಂಡಿಸ್ ನಿರ್ದೇಶಕ, ಹಣ ಹಾಕಿದ್ದು ಯೂನಿವರ್ಸಲ್ ಸ್ಟುಡಿಯೊ. ಹೀಗೆ ‘ಅನಿಮಲ್ ಹೌಸ್’ ತಯಾರಾಯಿತು.

ಚಿತ್ರೀಕರಣಕ್ಕೆ ಕಾಲೇಜು ಸಿಗುವುದೇ ದೊಡ್ಡ ತೊಡಕಾಗಿತ್ತು. ಕಥೆ ಓದಿದ ಆಡಳಿತಗಾರರು ಬೇಡವೆನ್ನುತ್ತಿದ್ದರು. ಕೊನೆಗೆ ಒಪ್ಪಿದ್ದು ಯೂಜೀನ್ ನಗರದಲ್ಲಿರುವ ಒರೆಗಾನ್ ವಿಶ್ವವಿದ್ಯಾಲಯ, ಅದೂ ತನ್ನ ಹೆಸರು ಬರಬಾರದೆಂಬ ಷರತ್ತಿನ ಮೇಲೆ. ಅದರ ಅಧ್ಯಕ್ಷ ವಿಲಿಯಂ ಬಾಯ್ಡ್ ಈ ಹಿಂದೆ ಕ್ಯಾಲಿಫೋರ್ನಿಯದಲ್ಲಿ ಇದ್ದಾಗ ‘ದಿ ಗ್ರ್ಯಾಜುಯೇಟ್’ ಚಿತ್ರತಂಡಕ್ಕೆ ಬಾಗಿಲು ಮುಚ್ಚಿ ಆಮೇಲೆ ಪಶ್ಚಾತ್ತಾಪಪಟ್ಟಿದ್ದರಂತೆ. ಈ ಸಲ ತಮ್ಮ ಸ್ವಂತ ಕಚೇರಿಯನ್ನೇ ಡೀನ್‌ನ ಕೋಣೆಯಾಗಿ ಬಿಟ್ಟುಕೊಟ್ಟರು. 1977ರ ಶರತ್ಕಾಲದಲ್ಲಿ ಸುಮಾರು ಒಂದು ತಿಂಗಳಲ್ಲಿ ಚಿತ್ರೀಕರಣ ಮುಗಿಯಿತು. ಚಿತ್ರದ ನಟ ಜಾನ್ ಬೆಲೂಷಿ ‘ಸ್ಯಾಟರ್ಡೆ ನೈಟ್ ಲೈವ್’ ಟೀವಿ ಕಾರ್ಯಕ್ರಮಕ್ಕೆಂದು ವಾರವಾರ ನ್ಯೂಯಾರ್ಕಿಗೆ ಹಾರಿ ಮತ್ತೆ ಒರೆಗಾನಿಗೆ ಮರಳುತ್ತಿದ್ದ.

ಕಥೆ ನಡೆಯುವುದು 1962ರಲ್ಲಿ, ಫೇಬರ್ ಎಂಬ ಕಾಲ್ಪನಿಕ ಕಾಲೇಜಿನಲ್ಲಿ. ವರ್ಷದ ಆಯ್ಕೆಯನ್ನು ಸುಮ್ಮನೆ ಮಾಡಿದ್ದಲ್ಲ: ಕೆನಡಿ ಇನ್ನೂ ಬದುಕಿದ್ದಾನೆ, ವಿಯೆಟ್ನಾಂ ಇನ್ನೂ ಸುದ್ದಿಯಾಗಿಲ್ಲ, ಹಳೆಯ ಅಮೆರಿಕ ತನ್ನ ಕೊನೆಯ ನೆಮ್ಮದಿಯ ದಿನಗಳಲ್ಲಿದೆ. ಚಿತ್ರದ ಆರಂಭದ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಲ್ಯಾರಿ ಮತ್ತು ಕೆಂಟ್ ಎಂಬ ಇಬ್ಬರು ಹೊಸ ಹುಡುಗರು ರಷ್ ಸಂಜೆ ಒಮೇಗಾ ಎಂಬ ಪ್ರತಿಷ್ಠಿತ ಮನೆಗೆ ಹೋಗುತ್ತಾರೆ. ಇಸ್ತ್ರಿ ಮಾಡಿದ ಕೋಟು, ಮೆತ್ತನೆಯ ಮಾತು, ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ಆತಿಥೇಯರು ನಗುನಗುತ್ತಲೇ ಇಬ್ಬರನ್ನೂ ಹಾಲಿನ ಒಂದು ಮೂಲೆಯ ಸೋಫಾಗೆ ಕರೆದೊಯ್ದು ಕೂರಿಸುತ್ತಾರೆ. ಅಲ್ಲಿ ಆಗಲೇ ಕೂತಿರುವವರು ಮೊಹಮ್ಮದ್, ಪೇಟ ತೊಟ್ಟ ಜಗದೀಶ್, ಕಣ್ಣು ಕಾಣದ ಒಬ್ಬ, ಗಾಲಿಕುರ್ಚಿಯಲ್ಲಿರುವ ಇನ್ನೊಬ್ಬ. ಇಬ್ಬರೂ ಎದ್ದು ಬೇರೆಯವರ ಜೊತೆ ಮಾತಿಗೆ ಹೋದರೆ ಮತ್ತೆ ಅದೇ ಮರ್ಯಾದೆಯಿಂದ ಅದೇ ಮೂಲೆಗೆ ತಂದು ಬಿಡುತ್ತಾರೆ. ಯಾರೂ ಯಾರನ್ನೂ ಬೈಯುವುದಿಲ್ಲ, ಯಾರ ದನಿಯೂ ಏರುವುದಿಲ್ಲ. ಬಿಳಿಯರಲ್ಲದವರು, ಅಂಗವಿಕಲರು, ದಪ್ಪಗಿದ್ದವರು, ಬಡ ಮನೆಯವರು ಹೊರಗಿರತಕ್ಕವರು ಎಂಬ ಆ ಕಾಲದ ಮೇಲ್ವರ್ಗದ ನಿಲುವನ್ನು ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಚೊಕ್ಕವಾಗಿ ತೋರಿಸಿದ ದೃಶ್ಯ ಅಮೆರಿಕದ ಹಾಸ್ಯಚಿತ್ರಗಳಲ್ಲಿ ಅಪರೂಪ.

ಅಲ್ಲಿ ಜಾಗ ಸಿಗದೆ ಹುಡುಗರು ಪಕ್ಕದ ಡೆಲ್ಟಾ ಮನೆಗೆ ಬರುತ್ತಾರೆ. ಅದು ಪಾಳುಬಿದ್ದ ಮನೆ, ಕ್ಯಾಂಪಸ್ಸಿನ ಎಲ್ಲ ಕೆಟ್ಟ ಹೆಸರೂ ಅದಕ್ಕೇ. ಬೆಲೂಷಿ ಅಭಿನಯಿಸಿದ ಬ್ಲೂಟೊ ಅಲ್ಲಿಯ ಕೇಂದ್ರ. ಅವನಿಗೆ ಮಾತು ಕಡಿಮೆ. ಹುಬ್ಬು, ಕೆನ್ನೆ, ಹೊಟ್ಟೆಗಳಿಂದಲೇ ನಟಿಸುತ್ತಾನೆ. ಕಾಲೇಜಿನ ಊಟದ ಸಾಲಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಟ್ಟೆಗೂ ಬಾಯಿಗೂ ತುರುಕುತ್ತ ಸಾಗಿ, ಒಮೇಗಾದವರ ಎದುರು ಕೂತು, ಬಾಯಿತುಂಬ ಇಟ್ಟುಕೊಂಡದ್ದನ್ನು ಕೆನ್ನೆ ಹಿಂಡಿ ಅವರ ಮೇಲೆ ಚಿಮ್ಮಿಸುತ್ತಾನೆ. ಅಲ್ಲಿಂದ ಇಡೀ ಊಟದ ಹಾಲು ಒಬ್ಬರ ಮೇಲೊಬ್ಬರು ತಿಂಡಿ ಎಸೆಯುವ ರಣರಂಗ. ಜಾನ್ ವರ್ನನ್ ಅಭಿನಯದ ಡೀನ್ ವರ್ಮರ್ ಈ ಮನೆಯನ್ನು ಮುಚ್ಚಿಸಲು ಪಣ ತೊಟ್ಟವನು. ನಿಯಮ ಮುರಿದದ್ದಕ್ಕಿಂತ ತನ್ನ ಮಾತು ನಡೆಯಲಿಲ್ಲವೆಂಬ ಅವಮಾನವೇ ಅವನಿಗೆ ದೊಡ್ಡದು. ಕೊನೆಗೆ ಡೆಲ್ಟಾ ಹುಡುಗರು ಊರಿನ ಮೆರವಣಿಗೆಯನ್ನೇ ಧ್ವಂಸ ಮಾಡುತ್ತಾರೆ. ಪಾತ್ರಗಳ ಮುಂದಿನ ಬದುಕನ್ನು ತೆರೆಯ ಮೇಲೆ ಒಂದೊಂದು ಸಾಲಿನಲ್ಲಿ ಬರೆದು ಚಿತ್ರ ಮುಗಿಯುತ್ತದೆ: ಒಮೇಗಾದ ಶಿಸ್ತಿನ ಸಿಪಾಯಿ ವಿಯೆಟ್ನಾಂನಲ್ಲಿ ತನ್ನದೇ ಪಡೆಯವರ ಗುಂಡಿಗೆ ಬಲಿಯಾಗುತ್ತಾನೆ, ಅವನ ನಾಯಕ ನಿಕ್ಸನ್‌ನ ಶ್ವೇತಭವನದಲ್ಲಿ ಕೆಲಸ ಮಾಡಿ ಜೈಲು ಸೇರುತ್ತಾನೆ, ಬ್ಲೂಟೊ ಸೆನೆಟರ್ ಆಗುತ್ತಾನೆ. ಮುಂದಿನ ಹದಿನೈದು ವರ್ಷಗಳ ಅಮೆರಿಕದ ರಾಜಕೀಯವೆಲ್ಲ ಆ ಕೆಲವು ಸಾಲುಗಳಲ್ಲಿದೆ.

ಸುಮಾರು 30 ಲಕ್ಷ ಡಾಲರ್ ಖರ್ಚಿನ ಈ ಚಿತ್ರ 1978ರ ಜುಲೈನಲ್ಲಿ ತೆರೆಕಂಡು 14 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಚಿತ್ರದಲ್ಲಿ ಹುಡುಗರು ಹಾಸಿಗೆಯ ಬಿಳಿ ಬಟ್ಟೆಯನ್ನು ರೋಮನರಂತೆ ಸುತ್ತಿಕೊಂಡು ಮಾಡುವ ‘ಟೋಗಾ ಪಾರ್ಟಿ’ ಆ ವರ್ಷವೇ ದೇಶದ ಕ್ಯಾಂಪಸ್ಸುಗಳಲ್ಲಿ ಹುಚ್ಚಾಗಿ ಹಬ್ಬಿತು. 1979ರ ಮೊದಲ ತಿಂಗಳುಗಳಲ್ಲಿ ಮೂರು ದೊಡ್ಡ ಟೀವಿ ಜಾಲಗಳೂ ಇದೇ ಮಾದರಿಯ ಧಾರಾವಾಹಿಗಳನ್ನು ಹೊರತಂದವು. ಎಬಿಸಿಯ ‘ಡೆಲ್ಟಾ ಹೌಸ್’ ಮತ್ತು ಎನ್‌ಬಿಸಿಯ ‘ಬ್ರದರ್ಸ್ ಅಂಡ್ ಸಿಸ್ಟರ್ಸ್’ ಬೇಗ ಮುಗಿದವು. ಸಿಬಿಎಸ್‌ನ ‘ಕೋ-ಎಡ್ ಫೀವರ್’ ಒಂದೇ ಕಂತಿಗೆ ನಿಂತಿತು. ಟೀವಿಗೆ ಬರುವಾಗ ಪೋಲಿತನವನ್ನೂ ಸಿಟ್ಟನ್ನೂ ಒಟ್ಟಿಗೆ ತೊಳೆದುಹಾಕಿದ್ದರು, ಉಳಿದದ್ದು ಸಪ್ಪೆ. ‘ಅನಿಮಲ್ ಹೌಸ್’ಗೆ ಎರಡನೇ ಭಾಗ ಬರಲೇ ಇಲ್ಲ. ಕೆನ್ನಿ 1980ರಲ್ಲಿ, ಬೆಲೂಷಿ 1982ರಲ್ಲಿ ತೀರಿಹೋದರು. ಇಬ್ಬರಿಗೂ ವಯಸ್ಸು 33.

ನಂತರದ ಚಿತ್ರಗಳು ಈ ಗೆಲುವಿನಿಂದ ಕಲಿತದ್ದು ಅರ್ಧ ಪಾಠ. 1982ರಲ್ಲಿ ಅಮೆರಿಕದಲ್ಲಿ ಹಣದ ಹೊಳೆ ಹರಿಸಿದ ಕೆನಡಾದ ‘ಪೋರ್ಕೀಸ್’ ಹೈಸ್ಕೂಲಿನ ಕಥೆ. ಹುಡುಗರು ಗೋಡೆಯ ತೂತಿನಿಂದ ಹುಡುಗಿಯರ ಸ್ನಾನ ನೋಡುವ ದೃಶ್ಯವೇ ಅದರ ಹೆಸರು ಉಳಿಸಿರುವುದು. ಕಡಿಮೆ ಖರ್ಚು, ಹೆಸರಿಲ್ಲದ ನಟರು, ಬೆತ್ತಲೆ, ಪ್ರತೀಕಾರ ಎಂಬ ಸೂತ್ರವನ್ನು ಅಲ್ಲಿಂದ ಎತ್ತಿಕೊಂಡು ಎಂಬತ್ತರ ದಶಕದಲ್ಲಿ ಬಂದ ಚಿತ್ರಗಳು ಅಸಂಖ್ಯ. ಅವುಗಳಲ್ಲಿ ಬಹುಪಾಲನ್ನು ಹೆಸರಿಸುವ ಅಗತ್ಯವಿಲ್ಲ.

ಹೆಸರಿಸಬೇಕಾದದ್ದು 1984ರ ‘ರಿವೆಂಜ್ ಆಫ್ ದಿ ನರ್ಡ್ಸ್’. ಕಂಪ್ಯೂಟರ್ ಓದಲು ಬಂದ ಕನ್ನಡಕದ ಹುಡುಗರನ್ನು ಫುಟ್‌ಬಾಲ್ ಆಟಗಾರರು ಹಾಸ್ಟೆಲಿನಿಂದ ಹೊರದಬ್ಬುತ್ತಾರೆ. ಯಾವ ಫ್ರಟರ್ನಿಟಿಯೂ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಕಪ್ಪು ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘವಾದ ಲ್ಯಾಂಬ್ಡಾ ಲ್ಯಾಂಬ್ಡಾ ಲ್ಯಾಂಬ್ಡಾ ಒಂದೇ ಅವರಿಗೆ ಶಾಖೆ ತೆರೆಯಲು ಒಪ್ಪುತ್ತದೆ. ತುಳಿತಕ್ಕೊಳಗಾದವರು ಒಬ್ಬರಿಗೊಬ್ಬರು ಆಗುವ ಈ ಕಲ್ಪನೆ ಈಗಲೂ ಮನಸ್ಸಿಗೆ ತಾಗುತ್ತದೆ. ಆದರೆ ಅದೇ ಹುಡುಗರು ಹುಡುಗಿಯರ ಮನೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಟ್ಟು ಅವರ ಬೆತ್ತಲೆ ಚಿತ್ರಗಳನ್ನು ಮಾರುತ್ತಾರೆ. ನಾಯಕ ಮುಖವಾಡ ತೊಟ್ಟು, ಬೇರೆಯವನೆಂದು ನಂಬಿಸಿ ಒಬ್ಬಳೊಂದಿಗೆ ಮಲಗುತ್ತಾನೆ. ಆಕೆ ಆಮೇಲೆ ಅವನನ್ನೇ ಮೆಚ್ಚುತ್ತಾಳೆ. ಚಿತ್ರ ಇದನ್ನು ಗೆಲುವೆಂದು ಸಂಭ್ರಮಿಸುತ್ತದೆ. ಕಾನೂನಿನ ಭಾಷೆಯಲ್ಲಿ ಇದು ಅತ್ಯಾಚಾರ, ಮತ್ತು ಅಂದಿನ ಪ್ರೇಕ್ಷಕರು ನಕ್ಕಿದ್ದರೆಂಬುದು ಅದಕ್ಕೆ ರಿಯಾಯಿತಿಯಲ್ಲ. ‘ಅನಿಮಲ್ ಹೌಸ್’ ಕೂಡ ಈ ದೋಷದಿಂದ ಮುಕ್ತವಲ್ಲ. ಬ್ಲೂಟೊ ಏಣಿ ಹತ್ತಿ ಹುಡುಗಿಯರ ಕಿಟಕಿಯಲ್ಲಿ ಇಣುಕುವ ದೃಶ್ಯ ಅಲ್ಲೂ ಇದೆ. ಹೊರಗಿಡಲ್ಪಟ್ಟವರ ಪರವಾಗಿ ನಿಂತ ಈ ಚಿತ್ರಗಳಿಗೆ ಹೆಣ್ಣು ಮಾತ್ರ ಮನುಷ್ಯಳಾಗಿ ಕಾಣಲಿಲ್ಲ.

ಫ್ರಟರ್ನಿಟಿಯನ್ನು ಒಳಗಿನಿಂದ ಗಂಭೀರವಾಗಿ ನೋಡಿದ ಆ ದಶಕದ ಚಿತ್ರ ಸ್ಪೈಕ್ ಲೀಯ ‘ಸ್ಕೂಲ್ ಡೇಜ್’, 1988ರದ್ದು. ಕಪ್ಪು ವಿದ್ಯಾರ್ಥಿಗಳ ಕಾಲೇಜಿನಲ್ಲಿ ಮೈಬಣ್ಣದ ಛಾಯೆ, ಕೂದಲಿನ ಬಗೆ, ಮನೆತನದ ಹಣ ಇವುಗಳ ಮೇಲೆ ತಮ್ಮೊಳಗೇ ನಡೆಯುವ ಭೇದವನ್ನು ಅದು ಹಾಡು, ಕುಣಿತಗಳ ಮೂಲಕ ಬಿಚ್ಚಿಡುತ್ತದೆ. ಪ್ಲೆಜ್‌ಗಳಿಗೆ ಕೊಡುವ ಕಾಟದಲ್ಲಿ ನಗುವಂಥದ್ದು ಏನೂ ಇಲ್ಲವೆಂದು ತೋರಿಸಿದ್ದೂ ಅದೇ.

ಇಷ್ಟರಲ್ಲಿ ಸಿನಿಮಾ ಮನೆಯೊಳಗೆ ಬಂದಿತ್ತು. ವಿಎಚ್‌ಎಸ್ ಕ್ಯಾಸೆಟ್ 1976ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಮನೆಯಲ್ಲಿ ಟೀವಿ ಕಾರ್ಯಕ್ರಮ ಮುದ್ರಿಸಿಕೊಳ್ಳುವ ಯಂತ್ರವೇ ಅಕ್ರಮವೆಂದು ಯೂನಿವರ್ಸಲ್ ಸ್ಟುಡಿಯೊ ಸೋನಿ ಕಂಪನಿಯ ಮೇಲೆ ದಾವೆ ಹೂಡಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ ಸೋನಿಯ ಪರವಾಗಿ ತೀರ್ಪು ಕೊಟ್ಟಿತು. ಸೋತ ಸ್ಟುಡಿಯೊಗಳಿಗೇ ಆಮೇಲೆ ವಿಡಿಯೊ ದೊಡ್ಡ ಆದಾಯದ ಮೂಲವಾಯಿತು. 1985ರಲ್ಲಿ ಡಲ್ಲಾಸ್‌ನಲ್ಲಿ ಆರಂಭವಾದ ಬ್ಲಾಕ್‌ಬಸ್ಟರ್ ಎಂಬ ಬಾಡಿಗೆ ಅಂಗಡಿಗಳ ಸರಣಿ ಊರೂರಿಗೂ ಹಬ್ಬಿತು. ಥಿಯೇಟರಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಪೋಲಿ ಸಿನಿಮಾದ ಟಿಕೆಟ್ ಕೇಳಲು ಹಿಂಜರಿಯುತ್ತಿದ್ದ ಹುಡುಗನಿಗೆ ಕ್ಯಾಸೆಟ್ ಸುಲಭದ ದಾರಿ. ಮನೆಯವರು ಮಲಗಿದ ಮೇಲೆ, ಗೆಳೆಯರ ಜೊತೆ, ಬೇಕಾದ ದೃಶ್ಯವನ್ನು ಮತ್ತೆ ಮತ್ತೆ ಹಿಂದೆ ತಿರುಗಿಸಿ ನೋಡಬಹುದಿತ್ತು.

ಡೈರೆಕ್ಟ್-ಟು-ವಿಡಿಯೊ ಎಂಬ ವ್ಯಾಪಾರ ಇಲ್ಲಿಂದ ಬೆಳೆಯಿತು. ಥಿಯೇಟರಿಗೆ ಹೋಗುವ ಚಿತ್ರಕ್ಕೆ ತಯಾರಿಕೆಯ ಖರ್ಚಿನ ಮೇಲೆ ಸಾವಿರಾರು ಪ್ರಿಂಟುಗಳ ಖರ್ಚು, ಟೀವಿ ಜಾಹೀರಾತಿನ ಖರ್ಚು ಬೀಳುತ್ತಿತ್ತು. ಮೊದಲ ವಾರಾಂತ್ಯ ಕೈಕೊಟ್ಟರೆ ಎಲ್ಲವೂ ಮುಳುಗಿದಂತೆ. ನೇರ ವಿಡಿಯೊಗೆ ಅದೊಂದೂ ಇರಲಿಲ್ಲ. ಅದಕ್ಕೆ ಬೇಕಾದದ್ದು ಅಂಗಡಿಯ ಕಪಾಟಿನ ಮುಂದೆ ಕೆಲವೇ ಕ್ಷಣ ನಿಲ್ಲುವ ಗಿರಾಕಿ ಗುರುತು ಹಿಡಿಯುವಂಥ ಹೆಸರು. ಹೊಸ ಕಥೆಗೆ ಹೊಸ ಹೆಸರಿಟ್ಟರೆ ಆ ಗುರುತು ಸಿಗುತ್ತಿರಲಿಲ್ಲ. ಹಳೆಯ ಯಶಸ್ವಿ ಚಿತ್ರದ ಹೆಸರಿಟ್ಟರೆ ಅದರ ಜಾಹೀರಾತಿಗೆ ಹಿಂದೆ ಸುರಿದ ಹಣವೂ ಪುಕ್ಕಟೆಯಾಗಿ ಜೊತೆಗೆ ಬರುತ್ತಿತ್ತು. ಆದ್ದರಿಂದಲೇ ಈ ಮಾರುಕಟ್ಟೆಯಲ್ಲಿ ಮುಂದುವರಿದ ಭಾಗಗಳದ್ದೇ ಕಾರುಬಾರು. ಡಿಸ್ನಿ 1994ರಲ್ಲಿ ‘ಅಲ್ಲಾದ್ದೀನ್’ನ ಎರಡನೇ ಭಾಗವನ್ನು ನೇರ ಕ್ಯಾಸೆಟ್ಟಿಗೆ ಬಿಟ್ಟು ದಾರಿ ತೋರಿಸಿತು. ಯೂನಿವರ್ಸಲ್ ಡೈನೊಸಾರ್ ಮರಿಗಳ ಕಾರ್ಟೂನ್ ‘ದಿ ಲ್ಯಾಂಡ್ ಬಿಫೋರ್ ಟೈಮ್’ಗೆ ಹದಿಮೂರು ಭಾಗಗಳನ್ನು ಹೀಗೆಯೇ ಸೇರಿಸಿತು.

1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಡಿವಿಡಿ ಬಂದ ಮೇಲೆ ಲೆಕ್ಕ ಇನ್ನಷ್ಟು ಲಾಭದ್ದಾಯಿತು. ಬಾಡಿಗೆ ಅಂಗಡಿಗಳಿಗೆಂದು ಹೊಸ ಕ್ಯಾಸೆಟ್ಟಿಗೆ ನೂರು ಡಾಲರ್ ಹತ್ತಿರದ ಬೆಲೆ ಇಡುತ್ತಿದ್ದರು. ಡಿವಿಡಿಯನ್ನು ಇಪ್ಪತ್ತು ಡಾಲರ್ ಆಸುಪಾಸಿನಲ್ಲಿ ಮನೆಮನೆಗೂ ಮಾರಬಹುದಿತ್ತು. ಪೋಲಿ ಹಾಸ್ಯಕ್ಕೆ ಇನ್ನೊಂದು ವಿಶೇಷ ಅನುಕೂಲವೂ ಸಿಕ್ಕಿತು. ದೊಡ್ಡ ಥಿಯೇಟರುಗಳಲ್ಲಿ ಓಡಬೇಕಾದರೆ ದರ್ಜೆ ಬೇಕು, ಡಿವಿಡಿಗೆ ಬೇಕಿಲ್ಲ. ಕೆಲವೇ ನಿಮಿಷಗಳ ಹೆಚ್ಚುವರಿ ದೃಶ್ಯ ಸೇರಿಸಿ ‘ಅನ್‌ರೇಟೆಡ್’ ಎಂಬ ಪಟ್ಟಿ ಅಂಟಿಸಿದರೆ, ಥಿಯೇಟರಿನಲ್ಲಿ ಸಿಗದ ಏನೋ ಇದರಲ್ಲಿದೆ ಎಂಬ ಆಸೆ ಹುಟ್ಟುತ್ತಿತ್ತು. ಬಹಳ ಸಲ ಆ ಏನೋ ಬಹಳ ಸಣ್ಣದಿರುತ್ತಿತ್ತು.

ಪೋಲಿ ಹಾಸ್ಯಕ್ಕೆ ಮತ್ತೆ ಜೀವ ಬಂದದ್ದು 1999ರ ‘ಅಮೆರಿಕನ್ ಪೈ’ಯಿಂದ. ಆ್ಯಡಮ್ ಹರ್ಟ್ಜ್ ಬರೆದು ಪಾಲ್ ವೈಟ್ಜ್ ನಿರ್ದೇಶಿಸಿದ, ಮಿಷಿಗನ್ ರಾಜ್ಯದ ಹೈಸ್ಕೂಲ್ ಹುಡುಗರ ಕಥೆ. 1 ಕೋಟಿ 10 ಲಕ್ಷ ಡಾಲರ್ ಹಾಕಿದ ಯೂನಿವರ್ಸಲ್‌ಗೆ ಜಗತ್ತಿನಾದ್ಯಂತ 23 ಕೋಟಿ ಡಾಲರ್‌ಗೂ ಮೀರಿ ಬಂತು. ಅದರಲ್ಲಿ ಹುಡುಗರ ಪೆದ್ದುತನವೇ ನಗೆಯ ಗುರಿ, ಹುಡುಗಿಯರಿಗೆ ಅವರಿಗಿಂತ ಹೆಚ್ಚು ಬುದ್ಧಿಯಿದೆ. ಮಗನ ಎಡವಟ್ಟುಗಳನ್ನೆಲ್ಲ ಸಂಕೋಚದಿಂದ, ಆದರೆ ಅಕ್ಕರೆಯಿಂದ ವಿಚಾರಿಸುವ ಅಪ್ಪನಾಗಿ ಯೂಜೀನ್ ಲೆವಿ ಚಿತ್ರದ ಮಾನ ಕಾಪಾಡಿದ್ದಾನೆ. 2001 ಮತ್ತು 2003ರಲ್ಲಿ ಇನ್ನೆರಡು ಭಾಗಗಳು ಥಿಯೇಟರಿಗೆ ಬಂದವು. ನಟರ ಸಂಭಾವನೆ ಏರಿತು, ಕಥೆ ಮದುವೆಯವರೆಗೆ ಬಂದು ನಿಂತಿತು. ಸ್ಟುಡಿಯೊಗೆ ಹೆಸರನ್ನು ಬಿಡುವ ಮನಸ್ಸಿರಲಿಲ್ಲ. ‘ಅಮೆರಿಕನ್ ಪೈ ಪ್ರೆಸೆಂಟ್ಸ್’ ಎಂಬ ಮೇಲ್ಬರಹದಡಿ ನೇರ ಡಿವಿಡಿಗೆ ಸಾಲಾಗಿ ಚಿತ್ರಗಳು ಬಂದವು: 2005ರಲ್ಲಿ ‘ಬ್ಯಾಂಡ್ ಕ್ಯಾಂಪ್’, 2006ರಲ್ಲಿ ‘ದಿ ನೇಕೆಡ್ ಮೈಲ್’, 2007ರಲ್ಲಿ ‘ಬೀಟಾ ಹೌಸ್’, 2009ರಲ್ಲಿ ‘ದಿ ಬುಕ್ ಆಫ್ ಲವ್’. ಮೂಲದ ನಾಯಕರು ಯಾರೂ ಮುಖ್ಯ ಪಾತ್ರಗಳಲ್ಲಿಲ್ಲ. ಮೂಲದಲ್ಲಿ ಎಲ್ಲರಿಗಿಂತ ಪೋಲಿಯಾದ ಸ್ಟಿಫ್ಲರ್‌ಗೆ ಒಬ್ಬ ತಮ್ಮ, ಆಮೇಲೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಹುಟ್ಟಿಕೊಂಡರು. ಹಳೆಯ ಕುಟುಂಬದ ಕೊಂಡಿಯಾಗಿ ಈ ನಾಲ್ಕರಲ್ಲೂ ಕಾಣಿಸಿಕೊಂಡವನು ಯೂಜೀನ್ ಲೆವಿ.

ಇವುಗಳಲ್ಲಿ ಫ್ರಟರ್ನಿಟಿ ಕಥೆ ‘ಬೀಟಾ ಹೌಸ್’ನದು. ಎರಿಕ್ ಸ್ಟಿಫ್ಲರ್ ಕಾಲೇಜು ಸೇರಿ, ಸಂಬಂಧಿ ಡ್ವೈಟ್ ಮುಖಂಡನಾಗಿರುವ ಬೀಟಾ ಮನೆಗೆ ಪ್ಲೆಜ್ ಆಗುತ್ತಾನೆ. ಅವರ ಎದುರಾಳಿ ‘ಗೀಕ್ ಹೌಸ್’, ಅಂದರೆ ಕಂಪ್ಯೂಟರ್ ಹುಡುಗರ ಮನೆ. ಹಣ ಅವರಲ್ಲಿದೆ, ಕ್ಯಾಂಪಸ್ಸಿನ ಹಿಡಿತವೂ ಅವರದ್ದೇ. ಕುಡಿತ ಮತ್ತು ಪುಂಡಾಟದ ಪಂದ್ಯಗಳ ಒಂದು ಒಲಿಂಪಿಕ್ಸ್ ನಡೆಸಿ, ಸೋತವರು ಮನೆ ಬಿಡಬೇಕೆಂದು ತೀರ್ಮಾನವಾಗುತ್ತದೆ. 1984ರ ‘ರಿವೆಂಜ್ ಆಫ್ ದಿ ನರ್ಡ್ಸ್’ ಅನ್ನು ಇದರ ಪಕ್ಕ ಇಟ್ಟರೆ ಮಧ್ಯದ ಇಪ್ಪತ್ತಮೂರು ವರ್ಷಗಳಲ್ಲಿ ಆದದ್ದೇನೆಂದು ಕಾಣುತ್ತದೆ. ಅಲ್ಲಿ ತುಳಿಸಿಕೊಂಡಿದ್ದ ಕನ್ನಡಕದ ಹುಡುಗರು ಇಲ್ಲಿ ಖಳರು. ಸಾಫ್ಟ್‌ವೇರ್ ಉದ್ಯಮದ ಸಿರಿವಂತಿಕೆ ಅಷ್ಟರಲ್ಲಿ ಲೋಕಕ್ಕೆಲ್ಲ ಗೊತ್ತಾಗಿತ್ತು. ಇದೊಂದು ಒಳ್ಳೆಯ ಹಾಸ್ಯದ ಬೀಜ. ಚಿತ್ರ ಅದಕ್ಕೆ ನೀರೆರೆಯದೆ ಒಂದು ಪಂದ್ಯದಿಂದ ಇನ್ನೊಂದಕ್ಕೆ, ಒಂದು ಬೆತ್ತಲೆ ದೃಶ್ಯದಿಂದ ಇನ್ನೊಂದಕ್ಕೆ ಓಡುತ್ತದೆ. ಡೀನ್ ಇಲ್ಲ, ಯುದ್ಧವಿಲ್ಲ, ಮೂಲೆಯ ಸೋಫಾ ಇಲ್ಲ. ಎದುರಿಸಬೇಕಾದ ಅಧಿಕಾರವೇ ಇಲ್ಲದ ಕಡೆ ಪುಂಡಾಟ ಬರೀ ಪುಂಡಾಟವಾಗಿ ಉಳಿಯುತ್ತದೆ.

ಹೆಸರು ಮಾರುವ ಈ ವ್ಯಾಪಾರದಲ್ಲಿ ಅತಿ ಹೆಚ್ಚು ಸವೆದದ್ದು ‘ನ್ಯಾಷನಲ್ ಲ್ಯಾಂಪೂನ್’. 1990ರಲ್ಲಿ ಜೆ2 ಕಮ್ಯುನಿಕೇಷನ್ಸ್ ಎಂಬ ವಿಡಿಯೊ ಕಂಪನಿ ಅದನ್ನು ಕೊಂಡಿತು, 1998ರಲ್ಲಿ ಪತ್ರಿಕೆ ನಿಂತುಹೋಯಿತು. ಹೆಸರು ಮಾತ್ರ ಬಾಡಿಗೆಗೆ ಸಿಗುತ್ತಿತ್ತು. ಶುಲ್ಕ ಕೊಟ್ಟ ನಿರ್ಮಾಪಕರು ‘ಡಾರ್ಮ್ ಡೇಜ್’ (2003), ಅದರ ಎರಡನೇ ಭಾಗ (2006), ‘ಪ್ಲೆಜ್ ದಿಸ್!’ (2006) ಮುಂತಾದವುಗಳಿಗೆ ಅದನ್ನು ಅಂಟಿಸಿಕೊಂಡರು. ನಿಕ್ಸನ್‌ನನ್ನು ಕೆಣಕಿದ್ದ ಪತ್ರಿಕೆಯ ಹೆಸರು ಹೀಗೆ ಅಗ್ಗದ ಡಿವಿಡಿಯ ಮುಖಪುಟಕ್ಕೆ ಬಂದದ್ದು ಅಮೆರಿಕದ ಹಾಸ್ಯಸಾಹಿತ್ಯಕ್ಕಾದ ನಷ್ಟ.

ಅದೇ ಹೆಸರಿನಲ್ಲಿ 2002ರಲ್ಲಿ ಬಂದ ‘ವ್ಯಾನ್ ವೈಲ್ಡರ್’ ರಯನ್ ರೆನಾಲ್ಡ್ಸ್‌ಗೆ ನಾಯಕನ ಪಟ್ಟ ಕೊಟ್ಟಿತು. ಭಾರತೀಯ ಮೂಲದ ಪ್ರೇಕ್ಷಕರಿಗೆ ಅದು ಬೇರೆ ಕಾರಣಕ್ಕೆ ನೆನಪಿನಲ್ಲಿದೆ. ನ್ಯೂಜೆರ್ಸಿಯ ಗುಜರಾತಿ ಕುಟುಂಬದ ಕಲ್ಪೇನ್ ಮೋದಿ, ತೆರೆಯ ಮೇಲೆ ಕಾಲ್ ಪೆನ್, ಅದರಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ನಟಿಸಿದ್ದಾನೆ. ಪಾತ್ರದ ಹೆಸರು ತಾಜ್ ಮಹಲ್ ಬದಲಂದಾಬಾದ್. ಆ ಹೆಸರು, ಅದರ ಉಚ್ಚಾರ, ಹೆಣ್ಣಿಗಾಗಿ ಪರದಾಡುವ ಸ್ವಭಾವ ಎಲ್ಲವೂ ಭಾರತೀಯರ ಬಗೆಗಿನ ಹಳಸಿದ ಕಲ್ಪನೆಗಳು. ಪಾತ್ರ ಒಪ್ಪಿಕೊಳ್ಳಲು ತಾನು ಹಿಂಜರಿದದ್ದನ್ನು ನಟ ಆಮೇಲೆ ಹೇಳಿಕೊಂಡಿದ್ದಾನೆ. 2006ರ ಎರಡನೇ ಭಾಗ ‘ದಿ ರೈಸ್ ಆಫ್ ತಾಜ್’ನಲ್ಲಿ ಅವನೇ ನಾಯಕ. ಇಂಗ್ಲೆಂಡಿನ ಕಾಲ್ಪನಿಕ ವಿಶ್ವವಿದ್ಯಾಲಯದಲ್ಲಿ, ಅಲ್ಲಿಯ ಶ್ರೀಮಂತರ ಸಂಘ ಹೊರಗಿಟ್ಟವರನ್ನು ಕೂಡಿಸಿಕೊಂಡು ತಾಜ್ ಹೊಸ ಮನೆ ಕಟ್ಟುತ್ತಾನೆ. ಚಿತ್ರ ದುರ್ಬಲ, ನಿಜ. ಆದರೆ 1978ರಲ್ಲಿ ಜಗದೀಶ್‌ನನ್ನು ಮೂಲೆಯಲ್ಲಿ ಕೂರಿಸಿದ್ದ ಪ್ರಕಾರ 28 ವರ್ಷಗಳ ಮೇಲೆ ಒಬ್ಬ ಭಾರತೀಯನ ಕೈಗೆ ಮನೆಯ ಬೀಗದ ಕೈ ಕೊಟ್ಟಿತು ಎಂಬುದು ದಾಖಲಾಗಬೇಕಾದ ವಿಷಯ. ಕಾಲ್ ಪೆನ್ 2009ರಲ್ಲಿ ನಟನೆಗೆ ಬಿಡುವು ಕೊಟ್ಟು ಒಬಾಮಾ ಆಡಳಿತದ ಶ್ವೇತಭವನದಲ್ಲಿ ಕೆಲಸಕ್ಕೆ ಸೇರಿದ. ಅದೇ ವರ್ಷ, ರೆನಾಲ್ಡ್ಸ್ ಆಗಲಿ ಅವನಾಗಲಿ ಇಲ್ಲದ ಮೂರನೇ ಚಿತ್ರ ‘ಫ್ರೆಶ್‌ಮನ್ ಇಯರ್’ ನೇರ ಡಿವಿಡಿಗೆ ಬಂತು.

ಥಿಯೇಟರಿನ ಕಡೆ ಈ ಪ್ರಕಾರಕ್ಕೆ ಹೊಸ ಮಾತು ಸಿಕ್ಕಿದ್ದು 2003ರ ‘ಓಲ್ಡ್ ಸ್ಕೂಲ್’ನಲ್ಲಿ. ನಿರ್ದೇಶಕ ಟಾಡ್ ಫಿಲಿಪ್ಸ್ 1998ರಲ್ಲಿ ‘ಫ್ರ್ಯಾಟ್ ಹೌಸ್’ ಎಂಬ ಸಾಕ್ಷ್ಯಚಿತ್ರ ಮಾಡಿ ಸನ್‌ಡಾನ್ಸ್ ಉತ್ಸವದಲ್ಲಿ ಪ್ರಶಸ್ತಿ ಪಡೆದಿದ್ದ. ಕೆಲವು ದೃಶ್ಯಗಳನ್ನು ಕಟ್ಟಿ ಚಿತ್ರಿಸಲಾಗಿದೆ ಎಂಬ ಆರೋಪ ಬಂದು ಎಚ್‌ಬಿಒ ವಾಹಿನಿ ಅದನ್ನು ಪ್ರಸಾರ ಮಾಡಲೇ ಇಲ್ಲ. ‘ಓಲ್ಡ್ ಸ್ಕೂಲ್’ನಲ್ಲಿ ಮೂವತ್ತು ದಾಟಿದ, ಮದುವೆ ಮತ್ತು ನೌಕರಿಯಿಂದ ಬಳಲಿದ ಮೂವರು ಕ್ಯಾಂಪಸ್ ಪಕ್ಕದಲ್ಲಿ ಫ್ರಟರ್ನಿಟಿ ಕಟ್ಟುತ್ತಾರೆ. ಅವರಲ್ಲೊಬ್ಬನಾದ ವಿಲ್ ಫೆರೆಲ್ ಕುಡಿದು ಬೆತ್ತಲೆಯಾಗಿ ಬೀದಿಯಲ್ಲಿ ಓಡುವಾಗ ಹೆಂಡತಿಯ ಕಾರು ಎದುರಾಗುವ ದೃಶ್ಯದಲ್ಲಿ ನಗೆಯ ಜೊತೆಗೆ ವಯಸ್ಸಾಗುತ್ತಿರುವ ಗಂಡಸಿನ ದಿಗಿಲೂ ಇದೆ. 2014ರ ‘ನೇಬರ್ಸ್’ ಮನೆಯ ಎದುರು ಬದಿಗೆ ದಾಟಿತು: ಕೂಸಿರುವ ದಂಪತಿಯ ಪಕ್ಕಕ್ಕೆ ಫ್ರಟರ್ನಿಟಿ ಬಂದರೆ ಏನಾಗುತ್ತದೆ? ಅದರ 2016ರ ಎರಡನೇ ಭಾಗದಲ್ಲಿ ಹುಡುಗಿಯರು ಮುಂದಾಳುಗಳು. ಸೊರೊರಿಟಿ ಮನೆಗಳಲ್ಲಿ ಮದ್ಯದ ಪಾರ್ಟಿ ನಡೆಸುವಂತಿಲ್ಲ ಎಂಬ, ನಿಜವಾಗಿಯೂ ಇರುವ ಕಟ್ಟಳೆಯಿಂದ ಕಥೆ ಹೊರಡುತ್ತದೆ. ಹುಡುಗಿಯರು ಪಾರ್ಟಿಗೆಂದು ಹುಡುಗರ ಮನೆಗೇ, ಹುಡುಗರ ಷರತ್ತಿಗೇ ಹೋಗಬೇಕಾದದ್ದು ಯಾಕೆ ಎಂದು ಚಿತ್ರ ನೇರವಾಗಿ ಕೇಳುತ್ತದೆ. ಈ ಪ್ರಕಾರ ಆ ಪ್ರಶ್ನೆ ಕೇಳಲು 38 ವರ್ಷ ತೆಗೆದುಕೊಂಡಿತು.

ನೇರ ಡಿವಿಡಿಯ ಕಾಲವೂ ಮುಗಿಯಿತು. ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿಯಾಯಿತು. 2007ರಲ್ಲಿ ಸ್ಟ್ರೀಮಿಂಗ್ ಆರಂಭಿಸಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನೂ ನಿಲ್ಲಿಸಿತು. ‘ಅಮೆರಿಕನ್ ಪೈ’ ಹೆಸರಿನ ಕೊನೆಯ ಕುಡಿ 2020ರ ‘ಗರ್ಲ್ಸ್ ರೂಲ್ಸ್’; ಅದರಲ್ಲಿ ನಾಲ್ವರು ಹುಡುಗಿಯರು ನಾಯಕಿಯರು.

ತೆರೆಯ ಹೊರಗೆ ಈ ಮನೆಗಳಲ್ಲಿ ನಡೆದದ್ದನ್ನು ಬಿಟ್ಟು ಈ ಚಿತ್ರಗಳ ಬಗ್ಗೆ ಮಾತಾಡುವುದು ಅನ್ಯಾಯ. 2017ರ ಫೆಬ್ರುವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರಟರ್ನಿಟಿಗೆ ಸೇರಲು ಬಂದ 19 ವರ್ಷದ ಹುಡುಗನಿಗೆ ಮಿತಿಮೀರಿ ಕುಡಿಸಲಾಯಿತು. ಅವನು ಮೆಟ್ಟಿಲಿನಿಂದ ಉರುಳಿ ಬಿದ್ದ. ಸಹಾಯಕ್ಕೆ ಕರೆ ಹೋಗಲು ಗಂಟೆಗಟ್ಟಲೆ ಹಿಡಿಯಿತು, ಹುಡುಗ ಉಳಿಯಲಿಲ್ಲ. ಆ ಮನೆಯ ಕ್ಯಾಮೆರಾಗಳಲ್ಲಿ ಬಹಳಷ್ಟು ದಾಖಲಾಗಿತ್ತು. ಕ್ರಿಸ್ ಮಿಲ್ಲರ್‌ನ ಕಥೆಗಳಿಗೆ ಮೂಲವಾದ ಡಾರ್ಟ್‌ಮತ್‌ನ ಆಲ್ಫಾ ಡೆಲ್ಟಾ ಮನೆಯ ಮಾನ್ಯತೆಯನ್ನು ಕಾಲೇಜು 2015ರಲ್ಲಿ ರದ್ದು ಮಾಡಿತು. ಹೊಸ ಸದಸ್ಯರ ಮೈಮೇಲೆ ಬರೆ ಹಾಕಿಸಿದ್ದು ಅದಕ್ಕೆ ಕಾರಣ. ವಿಶ್ವವಿದ್ಯಾಲಯಗಳು ತಮ್ಮಲ್ಲಿ ನಡೆದ ಹೇಜಿಂಗ್ ಪ್ರಕರಣಗಳನ್ನು ಸಾರ್ವಜನಿಕವಾಗಿ ವರದಿ ಮಾಡಲೇಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿ ಬಂದದ್ದು 2024ರ ಡಿಸೆಂಬರ್‌ನಲ್ಲಿ.

‘ಅನಿಮಲ್ ಹೌಸ್’ 2001ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಸೇರಿತು. ಈ ಪ್ರಕಾರದ ಒಂದೇ ಚಿತ್ರ ನೋಡುವವರು ಅದನ್ನೇ, ಅದರ ತಪ್ಪುಗಳ ಸಮೇತ ನೋಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಪಿಕ್ಸಾರ್‌ನ ‘ಮಾನ್‌ಸ್ಟರ್ಸ್ ಯೂನಿವರ್ಸಿಟಿ’ (2013) ಒಳ್ಳೆಯದು: ಯಾರಿಗೂ ಬೇಡವಾದ ಊಜ್ಮಾ ಕಪ್ಪಾ ಎಂಬ ಮನೆ, ಮೆರೆಯುವ ಎದುರಾಳಿ ಮನೆ, ಕಟ್ಟುನಿಟ್ಟಿನ ಡೀನ್, ಪಂದ್ಯಗಳು, ಎಲ್ಲವೂ ಅದರಲ್ಲಿವೆ, ಒಂದು ಪೋಲಿ ಮಾತೂ ಇಲ್ಲದೆ. ನೇರ ಡಿವಿಡಿಯ ಭಾಗಗಳಲ್ಲಿ ‘ಬೀಟಾ ಹೌಸ್’ ಒಂದನ್ನು ನೋಡಿದರೆ ಉಳಿದವನ್ನು ನೋಡಿದಂತೆಯೇ.